ಎಂಜಲಿಗೆ ಹೇಸಿದ ಡಾಕ್ಟರು

ಡಾಕ್ಟರ್ ಆವುಲಪ್ಪನವರದು ಕೂತಲ್ಲಿ ಕೂರದ ಜೀವ. ಶಿಡ್ಲಘಟ್ಟದ ಹತ್ತಿರದ ಹಳ್ಳಿಯೊಂದರ ಸರ್ಕಾರಿ ಆಸ್ಪತ್ರೆಯಲ್ಲಿ ದಿನಕ್ಕೆ ನೂರು ಜನರನ್ನು ನೋಡುತ್ತಿದ್ದರು. ಜ್ವರ, ಭೇದಿ, ಹೆರಿಗೆ, ಹಾವು ಕಡಿತ, ಯಾವುದಕ್ಕೂ ಅಂಜಿದವರಲ್ಲ. ರೋಗಿಯ ಬಾಯಿಂದ ಮಾತ್ರ ದೂರ. ‘ಆ... ಅನ್ನು, ಅಮ್ಮ’ ಎಂದು ಟಾರ್ಚ್ ಬಿಟ್ಟು, ಗಂಟಲು ಕಂಡರೆ ಮುಗಿಯಿತು. ಎಂಬಿಬಿಎಸ್ ಓದಿದಷ್ಟು ವರ್ಷವೂ ಕೆನ್ನೆಯ ಒಳಗಡೆ ನೋಡು ಎಂದು ಯಾರೂ ಒತ್ತಿ ಹೇಳಿರಲಿಲ್ಲ, ನಿಜ. ಆದರೆ ಎಂಜಲಿಗೆ ಹೇಸುವುದನ್ನು ಕಾಲೇಜು ಕಲಿಸಿರಲಿಲ್ಲ. ಅದು ಮನೆಯಿಂದಲೇ ಬಂದಿತ್ತು.

೧೯೮೯ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಸರ್ಕಾರಿ ವೈದ್ಯರಿಗೆ ಒಂದು ದಿನದ ತರಬೇತಿ ನಡೆಯಿತು. ಹಲ್ಲಿನ ಡಾಕ್ಟರೊಬ್ಬರು ಚಿತ್ರ ತೋರಿಸಿ ಹೇಳಿದರು: “ಹೊಗೆಸೊಪ್ಪು ಒತ್ತಿಕೊಳ್ಳೋ ಜಾಗ ಇದು. ಮೂರು ವಾರದಲ್ಲಿ ಮಾಯದ ಹುಣ್ಣನ್ನ ಬೆರಳಿಂದ ಮುಟ್ಟಿ ನೋಡಿ. ಅಂಚು ಗಟ್ಟಿಯಿದ್ರೆ ಕ್ಯಾನ್ಸರ್ ಇರಬಹುದು. ತಡ ಮಾಡದೆ ಬೆಂಗಳೂರಿಗೆ ಕಳ್ಸಿ.”

ಆವುಲಪ್ಪನವರಿಗೆ ಥಟ್ಟನೆ ಒಬ್ಬಳ ನೆನಪಾಯಿತು. ರೇಷ್ಮೆ ನೂಲು ಬಿಚ್ಚುವ ಮಂಗಮ್ಮ! ಬೇಯುವ ಗೂಡಿನ ನಾತ ತಡೆಯಲು ಆ ಕೆಲಸದ ಹೆಂಗಸರು ಕೆನ್ನೆಯಲ್ಲಿ ಹೊಗೆಸೊಪ್ಪು ಒತ್ತಿಕೊಳ್ಳುತ್ತಿದ್ದರು. ಬಾಯಿಹುಣ್ಣೆಂದು ಮೂರು ತಿಂಗಳಲ್ಲಿ ಐದು ಸಲ ಬಂದವಳಿಗೆ ಐದು ಸಲವೂ ಬಿ ಕಾಂಪ್ಲೆಕ್ಸ್ ಗುಳಿಗೆ ಕೊಟ್ಟು ಸಾಗಹಾಕಿದ್ದರು. ಆಮೇಲೆ ಅವಳು ಬರುವುದನ್ನೇ ಬಿಟ್ಟಳು. ವಾಸಿಯಾಯಿತೆಂದು ಇವರು ಖುಷಿಪಟ್ಟಿದ್ದರು, ಪುಣ್ಯಾತ್ಮರು!

ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದರು. ಸೀಟಿದ್ದರೂ ಕೂರಲಾಗಲಿಲ್ಲ. ನೂಲು ಬಿಚ್ಚುವ ಶೆಡ್ಡಿಗೆ ನುಗ್ಗಿದಾಗ ಮಂಗಮ್ಮ ಬಿಸಿನೀರಿನ ಮುಂದೆ ಕೂತಿದ್ದಳು. ಅವಳಿಗೆ ಬಾಯಿ ಮುಕ್ಕಳಿಸಲು ಹೇಳಿ, ತಾವೂ ಕೈ ತೊಳೆದು ಬೆರಳು ಚಾಚಿದರು.

“ಅಯ್ಯೋ, ಬೇಡ ಸ್ವಾಮಿ, ಎಂಜಲು!” ಎಂದು ಅವಳು ಮುಖ ತಿರುಗಿಸಿದಳು.

“ಇರ್ಲಿ ಕಣಮ್ಮ.”

ಹುಣ್ಣಿನ ಅಂಚು ಹುಣಸೆಬೀಜದಷ್ಟು ಗಟ್ಟಿಯಾಗಿತ್ತು. ನಾಳೆಯೇ ಬೆಂಗಳೂರಿನ ಆಸ್ಪತ್ರೆಗೆ ತಾವೇ ಕರೆದೊಯ್ಯುವುದಾಗಿ ಹೇಳಿದರು. ಯಾತಕ್ಕೆಂಬುದನ್ನೂ ಮುಚ್ಚಿಡಲಿಲ್ಲ. ಮಂಗಮ್ಮ ಅವರನ್ನೇ ದಿಟ್ಟಿಸಿದಳು.

“ಮೊದಲ್ನೇ ಸಲನೇ ಹಿಂಗೆ ಮುಟ್ಟಿ ನೋಡಿದ್ರೆ ಗೊತ್ತಾಗ್ತಿತ್ತಾ ಸ್ವಾಮಿ?”

ಸುಳ್ಳು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡರು. “ಗೊತ್ತಾಗ್ತಿತ್ತು. ತಪ್ಪು ನಂದೇ.”

ಬೆಂಗಳೂರಿನಲ್ಲಿ ಅರ್ಧ ಕೆನ್ನೆ ಹೋಯಿತು, ಜೀವ ಉಳಿಯಿತು. ಚಿಕಿತ್ಸೆ ನಡೆದ ನಾಲ್ಕು ತಿಂಗಳು ಆವುಲಪ್ಪನವರಿಗೆ ಅನ್ನ ಸೇರಲಿಲ್ಲ. ಅದಾದ ಮೇಲೆ ಒಂದು ಬೆಳಿಗ್ಗೆ ಸೆರಗಿನಿಂದ ಮುಖ ಮುಚ್ಚಿಕೊಂಡು ಮಂಗಮ್ಮ ಆಸ್ಪತ್ರೆಗೆ ಬಂದಳು. ಬೆನ್ನಿಗೆ ಶೆಡ್ಡಿನ ಹೆಂಗಸರೆಲ್ಲ. ಡಾಕ್ಟರು ಎದ್ದು ನಿಂತರು. ಅವಳು ಜೊತೆಯವಳಾದ ಜಾನ್ ಬೀಯನ್ನು ಅವರೆದುರು ಕೂರಿಸಿ, ತೊದಲುತ್ತ ಹೇಳಿದಳು:

“ಇವ್ಳ ಹುಣ್ಣು ಇನ್ನೂ ಸಣ್ಣದು ಸ್ವಾಮಿ. ಈಗ್ಲೇ ನೋಡಿ.”