ಹಾರ್ಮೋನ್ ಮಾತ್ರೆ ಮತ್ತು ನನ್ನ ಅಕ್ಕ

ಗೆಳತಿಯರೇ, ಇವತ್ತು ಸಿಂಧನೂರಿನಲ್ಲಿ ಡಾಕ್ಟರಮ್ಮನ ಮುಂದೆ ಸುಳ್ಳು ಹೇಳಿ ಬಂದೆ.

ಮುಟ್ಟು ನಿಂತ ಮೇಲೆ ಮೈಯೆಲ್ಲ ಕಾದ ಹೆಂಚಾಗಿದೆ, ನಿದ್ದೆಯಿಲ್ಲ. ಹಾರ್ಮೋನ್ ಮಾತ್ರೆ ಕೇಳಲು ಹೋಗಿದ್ದೆ. ನಮ್ಮ ಕಡೆಯ ದವಾಖಾನೆ ಗೊತ್ತಲ್ಲ, ಮುಂದಿನ ಪಾಳಿಯವರು ಅದೇ ಕೋಣೆಯ ಬೆಂಚಿನ ಮೇಲೆ ಕೂತಿರುತ್ತಾರೆ. ಇವತ್ತು ಕೂತಿದ್ದವರು ಬಳಗಾನೂರಿನ ಗೌಡರ ಹೆಂಡತಿ, ಗೌಡಶಾನಿ. ತೀರಿಹೋದ ನನ್ನ ಅಕ್ಕನ ಮಗಳನ್ನು ತಮ್ಮ ಮಗನಿಗೆ ಕೇಳಿರುವವರು. ಸಂಬಂಧ ತಪ್ಪಬಾರದೆಂದು, ಅಕ್ಕ ಜ್ವರ ಬಂದು ಸತ್ತಳೆಂದೇ ಅವರಿಗೆ ಹೇಳಿದ್ದೇವೆ.

ಡಾಕ್ಟರಮ್ಮ ಗಟ್ಟಿಯಾಗಿಯೇ ಕೇಳಿದರು: “ಮಾತ್ರೆ ತಗೊಂಡ್ರ ಆರಾಮ ಆಗ್ತೈತಿ. ಆದ್ರ ಮೊದಲ ಹೇಳ್ರಿ, ಅವ್ವ, ಅಕ್ಕ-ತಂಗೇರು, ಯಾರಿಗರ ಎದಿ ಕ್ಯಾನ್ಸರ್ ಆಗಿತ್ತೇನು? ಆಗಿದ್ರ ವಿಚಾರ ಮಾಡಿ ಕೊಡಬೇಕಾಗ್ತೈತಿ.”

“ಯಾರಿಗೂ ಇಲ್ರೀ,” ಎಂದೆ. ಅಕ್ಕನ ಎದೆಯ ಗಾಯಕ್ಕೆ ಬಟ್ಟೆ ಕಟ್ಟುತ್ತಿದ್ದವಳು ನಾನೇ.

ಮಾತ್ರೆ ಬರೆದುಕೊಟ್ಟರು. ನಾನು ಚೀಟಿ ಮಡಚಿಡುವಷ್ಟರಲ್ಲಿ ಗೌಡಶಾನಿಯವರ ಪಾಳಿ ಬಂತು. ಅವರಿಗೂ ಅದೇ ತೊಂದರೆ, ಅದೇ ಪ್ರಶ್ನೆ.

“ನಮ್ಮವ್ವಗ ಆಗಿತ್ರೀ, ಒಂದು ಎದಿ ತಗದಿದ್ರು,” ಎಂದರು, ಕೋಣೆಗೆಲ್ಲ ಕೇಳುವಂತೆ. ನನ್ನ ಕಡೆ ತಿರುಗಿ, “ಇಲ್ಲಿ ಮುಚ್ಚಿಟ್ರ ನುಕ್ಸಾನ ನಮಗ, ಹೌದಿಲ್ರೀ?”

“ಹೌದ್ರೀ,” ಎಂದೆ. ಆಗ ಬಂದ ಬೆವರಿಗೆ ಹಾರ್ಮೋನ್ ಕಾರಣವಲ್ಲ.

ಮಾತ್ರೆ ಕೊಳ್ಳದೆ ಮನೆಗೆ ಬಂದಿದ್ದೇನೆ. ಗೌಡಶಾನಿಯವರ ಮನೆಯಲ್ಲಿ ಯಾರಾದರೂ ಇದನ್ನು ಓದಿದರೆ ಓದಲಿ. ನಾಳೆ ಮತ್ತೆ ಪಾಳಿ ಹಚ್ಚಿ, ಬೆಂಚಿನ ಮೇಲೆ ಯಾರೇ ಕೂತಿರಲಿ, ನನಗೊಬ್ಬಳು ಅಕ್ಕ ಇದ್ದಳು ಎಂದು ಹೇಳಬೇಕು.