ರೇಣುಕಾದೇವಿಯ ಬಾಣಗಳು

ಗಣಿತದಲ್ಲಿ ಪಿಎಚ್.ಡಿ.ಗೆ ಕೂತವರನ್ನು ಊರು ಕೇಳುವುದು ಒಂದೇ ಪ್ರಶ್ನೆ: ಇನ್ನೂ ಮುಗಿಯಲಿಲ್ಲವೇ? ಶಹಾಪುರದ ಡಿಗ್ರಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದ ರೇಣುಕಾದೇವಿ ಅದನ್ನು ಬಸ್ಸಿನಲ್ಲಿ, ಕಿರಾಣಿ ಅಂಗಡಿಯಲ್ಲಿ, ಮದುವೆಯ ಪಂಕ್ತಿಯಲ್ಲಿ ಕೇಳಿಸಿಕೊಂಡು ಸಾಕಾಗಿದ್ದಳು. ಅತಿಥಿ ಎಂಬುದು ಹೆಸರಿಗೆ ಮಾತ್ರ ಮರ್ಯಾದೆ. ವರ್ಷವರ್ಷವೂ ಹೊಸದಾಗಿ ಕರೆದರೆ ಪಾಠ, ಕರೆಯದಿದ್ದರೆ ಮನೆ. ಈ ಸಲವಂತೂ ಪಿಎಚ್.ಡಿ. ಇಲ್ಲದವರನ್ನು ಕರೆಯುವುದಿಲ್ಲವೆಂಬ ಮಾತು ಖಾತ್ರಿಯಾಗಿತ್ತು. ನಾರಾಯಣಪುರದ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಿದ್ದ ಅಪ್ಪ ವೆಂಕಪ್ಪ, ಹೆಂಡತಿ ತೀರಿಕೊಂಡ ಮೇಲೆ, ಮೊಣಕಾಲು ನೋವಿಗೆ ಬಲೆ ಬಿಟ್ಟು ಮಗಳ ಜೊತೆ ಭೀಮರಾಯನಗುಡಿಯ ಬಾಡಿಗೆ ಮನೆಯಲ್ಲಿದ್ದ. ಆ ಮನೆ ನಡೆಯುತ್ತಿದ್ದುದು ಅವಳ ಪಾಠದಿಂದ.

ಅವಳ ವಿಷಯ, ಬಾಗಿದ ಅವಕಾಶಗಳ ಮೇಲಿನ ವಿಶೇಷ ಸದಿಶ ಕ್ಷೇತ್ರಗಳು. ಹೆದರಬೇಡಿ. ಅವಕಾಶವೆಂದರೆ ಇಲ್ಲಿ ಜಾಗ, ಇಂಗ್ಲಿಷಿನ ಸ್ಪೇಸ್. ಒಂದು ಮಡಕೆಯನ್ನೋ ಚೆಂಡನ್ನೋ ನೆನೆಯಿರಿ. ಅದರ ಮೈಮೇಲೆ ಬಿಂದುಬಿಂದುವಿಗೂ ಒಂದೊಂದು ಬಾಣ, ಇತ್ತ ಹೋಗು ಎಂದು ದಾರಿ ತೋರಿಸುತ್ತ ಅಂಟಿಕೊಂಡಿದೆ. ಬಾಣ ಉದ್ದವಿದ್ದಷ್ಟು ಓಟ ಜೋರು. ಇಷ್ಟೇ ಸದಿಶ ಕ್ಷೇತ್ರ. ಆ ಬಾಣಗಳು ಮನಬಂದಂತೆ ತಿರುಗದೆ ಮೈಯ ಬಾಗುಬಳುಕಿಗೆ ತಕ್ಕ ಶಿಸ್ತಿನಲ್ಲಿದ್ದರೆ ಅದು ವಿಶೇಷ. ರೇಣುಕಾದೇವಿ ಮೂರು ಶಿಸ್ತು ಹೇರಿದ್ದಳು. ಅವಕ್ಕೆ ಒಪ್ಪಿದ ಬಾಣಗಳು ಹೇಗಿರುತ್ತವೆಂದು ಪ್ರಮೇಯದ ಮೇಲೆ ಪ್ರಮೇಯ ಸಾಧಿಸಿದ್ದಳು. ನಾಲ್ಕು ಆಯಾಮ, ಆರು ಆಯಾಮದ ಅವಕಾಶಗಳವು, ಕಣ್ಣಿಗೆ ಕಾಣುವಂಥವಲ್ಲ. ಆದರೂ ಆ ಬಾಣಗಳ ಮೇಲೆ ಅವಳಿಗೆ ನಿಜವಾದ ಪ್ರೀತಿಯಿತ್ತು. ತರಗತಿಯಲ್ಲಿ ಗಲಾಟೆಯಾದ ದಿನ, ಸಂಬಳ ಬಾರದ ತಿಂಗಳು, ಅವನ್ನು ನೆನೆದರೆ ಮನಸ್ಸು ತಣ್ಣಗಾಗುತ್ತಿತ್ತು.

ಮಹಾಪ್ರಬಂಧ ಸಲ್ಲಿಸಿಯಾಯಿತು, ಪರೀಕ್ಷಕರ ಒಪ್ಪಿಗೆಯೂ ಬಂತು. ಉಳಿದದ್ದು ವೈವಾ ಎಂಬ ಮೌಖಿಕ ಪರೀಕ್ಷೆ ಒಂದೇ. ಭಾನುವಾರ ಬೆಳಗ್ಗೆ ಅವಳು ಅದಕ್ಕಾಗಿ ಲ್ಯಾಪ್‌ಟಾಪಿನ ಮುಂದೆ ಕೂತಳು. ಪ್ರತಿ ಅಧ್ಯಾಯದ ಸಾರ ಒಂದೊಂದು ಸಾಲಿನಲ್ಲಿ, ಎಲ್ಲವೂ ಒಂದೇ ಪುಟದಲ್ಲಿ ಬರಲೆಂದು ಮಾರ್ಗದರ್ಶಕರಾದ ಬಸವಂತರಾಯರು ಹೇಳಿದ್ದರು. ಮೂರನೆಯ ಅಧ್ಯಾಯ: ಬಾಣಗಳ ಉದ್ದ ಎಲ್ಲ ಕಡೆಯೂ ಒಂದೇ. ಐದನೆಯ ಅಧ್ಯಾಯ: ಇಂಥ ಬಾಣಗಳು ನೆಲೆಸಿದ ಅವಕಾಶ ಚೆಂಡೇ ಆಗಿರಬೇಕು. ಇವೆರಡನ್ನು ಬರೆಯುವ ನಡುವೆ ಹಲವು ವರ್ಷ ಕಳೆದಿತ್ತು, ಒಂದು ಕೊರೋನಾ ಬಂದು ಹೋಗಿತ್ತು, ಲೇಖನಗಳು ಬೇರೆಬೇರೆ ಪತ್ರಿಕೆಗಳಲ್ಲಿ ಅಚ್ಚಾಗಿದ್ದವು. ಎರಡೂ ಅಕ್ಕಪಕ್ಕ ಕೂತದ್ದು ಅಂದೇ ಮೊದಲು.

ಚೆಂಡಿನ ಬಗ್ಗೆ ಗಣಿತದಲ್ಲಿ ಒಂದು ಹಳೆಯ ಮಾತಿದೆ, ಎಂ.ಎಸ್ಸಿ. ಮಕ್ಕಳಿಗೂ ಗೊತ್ತು. ಎಷ್ಟು ಬಾಚಿದರೂ ತಲೆಯ ಸುಳಿ ಹೋಗದ ಹಾಗೆ, ಅವಳು ಹಿಡಿದಂಥ ಆಯಾಮಗಳ ಚೆಂಡಿನ ಮೇಲೆ ಬಾಣಗಳನ್ನು ಹೇಗೆ ಹೊಂದಿಸಿದರೂ ಎಲ್ಲೋ ಒಂದು ಕಡೆ ಬಾಣದ ಉದ್ದ ಸೊನ್ನೆಯಾಗಲೇಬೇಕು. ಒಂದು ಕಡೆ ಸೊನ್ನೆ, ಉದ್ದ ಎಲ್ಲ ಕಡೆ ಒಂದೇ. ಅಂದಮೇಲೆ ಎಲ್ಲ ಕಡೆಯೂ ಸೊನ್ನೆ. ಅವಳ ಶಿಸ್ತಿಗೆ ಒಪ್ಪುವ ಬಾಣ ಈ ಲೋಕದಲ್ಲಿ ಇಲ್ಲವೇ ಇಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರೆಂದು ನಾವು ನಗುತ್ತೇವೆ. ಇಲ್ಲಿ ಕುಲಾವಿ ಹೊಲಿದು ಗುಂಡಿ ಹಚ್ಚಿ ಮುಗಿದ ಮೇಲೆ ಕೂಸೇ ಇಲ್ಲವೆಂದು ತಿಳಿಯಿತು. ಅವಳಿಗೆ ಅಳು ಬರಲಿಲ್ಲ, ಆ ಎರಡು ಸಾಲುಗಳನ್ನು ಮತ್ತೆ ಓದಿದಳು. ಚಹಾ ತಂದಿಟ್ಟ ವೆಂಕಪ್ಪ ಮಗಳ ಮುಖ ನೋಡಿ ಏನಾಯಿತೆಂದು ಕೇಳಿದ. ತಲೆನೋವು ಎಂದಳು. ಬೇರೇನು ಹೇಳಿಯಾಳು?

ಬಸವಂತರಾಯರು ನಿವೃತ್ತಿಯ ಅಂಚಿನಲ್ಲಿದ್ದವರು, ಒಳ್ಳೆಯವರು, ಯಾರ ಮನಸ್ಸನ್ನೂ ನೋಯಿಸದವರು. ಇಂಥ ಒಳ್ಳೆಯವರಿಂದಲೂ ಕೇಡು ಬೆಳೆಯುತ್ತದೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡು ಅವರು ಸಮಾಧಾನ ಹೇಳಿದರು.

"ನೋಡವ್ವಾ, ಸೊನ್ನಿನೂ ಒಂದು ಕ್ಷೇತ್ರನ ಅದ. ನಿನ್ನ ಪ್ರಮೇಯ ಒಂದೂ ಸುಳ್ಳಾಗಿಲ್ಲ. ಸುಮ್ನ ಹೋಗಿ ವೈವಾ ಕೊಟ್ಟು ಬಾ."

ಅದು ನಿಜವೂ ಹೌದು. ಇಲ್ಲದ ಬಾಣದ ಬಗ್ಗೆ ಏನು ಹೇಳಿದರೂ ಸುಳ್ಳಾಗುವುದಿಲ್ಲ. ತರ್ಕದ ಈ ನ್ಯಾಯವನ್ನು ಅವಳೇ ಮಕ್ಕಳಿಗೆ ಕಲಿಸಿದ್ದಳು. ಪ್ರಬಂಧ ಹಿಂದೆ ತೆಗೆದುಕೊಂಡರೆ ಮತ್ತೆ ಮೊದಲಿನಿಂದ ಶುರು, ಅಷ್ಟರಲ್ಲಿ ಕೆಲಸ ಹೋಗಿರುತ್ತದೆ. ಸುಮ್ಮನಿದ್ದರೆ ತನ್ನ ಮುಖ ತಾನೇ ನೋಡಿಕೊಳ್ಳಲಾಗದು. ಉಗುಳಲೂ ಆಗದ, ನುಂಗಲೂ ಆಗದ ಬಿಸಿತುಪ್ಪ.

ಯಾರಾದರೂ ಇಂಥ ಬಾಣಗಳಿಗೆ ಒಂದು ಉದಾಹರಣೆ ಕೇಳಿದರೆ ನಿಜ ಹೇಳಿಬಿಡುವುದೆಂದು ಗಟ್ಟಿ ಮನಸ್ಸು ಮಾಡಿ ವೈವಾಕ್ಕೆ ಹೋದಳು. ಹೊರಗಿನಿಂದ ಬಂದ ಪರೀಕ್ಷಕರು ಮೊದಲು ಅಡಿಟಿಪ್ಪಣಿಗಳ ಬಗ್ಗೆ ಕೇಳಿದರು. ಆಮೇಲೆ ಲೇಖನಗಳು ಯಾವ ಪತ್ರಿಕೆಯಲ್ಲಿ ಬಂದವೆಂದು. ಆಮೇಲೆ ಊರು ಯಾವುದೆಂದು. ನಾರಾಯಣಪುರ ಎಂದಾಗ, ಡ್ಯಾಮಿನ ಗೇಟು ತೆರೆದಾಗ ನೋಡಲು ಚೆಂದವಂತೆ ಎಂದರು. ಉದಾಹರಣೆಯ ಸುದ್ದಿಯೇ ಇಲ್ಲ. ಕೊನೆಗೆ ಅವಳೇ ತಡೆಯಲಾರದೆ, ಮೂರನೆಯ ಅಧ್ಯಾಯವನ್ನೂ ಐದನೆಯದನ್ನೂ ಕೂಡಿಸಿ ಓದಿದರೆ ಕ್ಷೇತ್ರ ಸೊನ್ನೆಯಾಗುತ್ತದೆ ಎಂದಳು. ಪರೀಕ್ಷಕರ ಮುಖ ಅರಳಿತು. ಒಳ್ಳೆಯ ಫಲಿತಾಂಶ, ಇದನ್ನೂ ಒಂದು ಪ್ರಮೇಯವಾಗಿ ಸೇರಿಸಿಬಿಡಿ ಎಂದು ಹೇಳಿ ಊಟಕ್ಕೆ ಎದ್ದರು. ಶಾಲು ಹೊದಿಸಿದರು, ಫೋಟೋ ತೆಗೆದರು. ಫೋಟೋದಲ್ಲಿ ಅವಳು ನಕ್ಕಿದ್ದಾಳೆ. ನಗದೆ ಇನ್ನೇನು ಮಾಡುತ್ತಾಳೆ, ಪಾಪ.

ಕಾಲೇಜು ಮತ್ತೆ ಕರೆಯಿತು. ಊರಿನ ಪ್ರಶ್ನೆ ನಿಂತಿತು. ಆದರೆ ದಣಿದ ದಿನ ನೆನೆದು ತಣ್ಣಗಾಗಲು ಬಾಣಗಳಿರಲಿಲ್ಲ.

ಮರುವರ್ಷ ದೋರನಹಳ್ಳಿಯ ದಾನೇಶ್ವರಿ ಎಂಬವಳು ಅವಳನ್ನು ಹುಡುಕಿಕೊಂಡು ಬಂದಳು. ಅವಳೂ ಬೇರೊಂದು ಕಾಲೇಜಿನ ಅತಿಥಿಯೇ, ಬಸವಂತರಾಯರ ಕೊನೆಯ ವಿದ್ಯಾರ್ಥಿನಿ. ರೇಣುಕಾ ಮೇಡಂ ಅವರ ಕೆಲಸ ಮುಂದುವರಿಸು ಎಂದಿದ್ದರಂತೆ ರಾಯರು. ಮೇಡಂ ಹೇರಿದ ಮೂರು ಶಿಸ್ತಿಗೆ ದಾನೇಶ್ವರಿ ನಾಲ್ಕನೆಯದನ್ನು ಸೇರಿಸಿದ್ದಳು. ಎರಡು ಲೇಖನ ಆಗಲೇ ಅಚ್ಚಾಗಿದ್ದವು. ಹೇಳುವಾಗ ಅವಳ ಕಣ್ಣು ಹೊಳೆಯುತ್ತಿತ್ತು. ಆ ಹೊಳಪು ನೋಡಿದ ರೇಣುಕಾದೇವಿ, ಇವಳಾದರೂ ಉಳಿಯಲಿ ಎಂದು ಖಾಲಿ ತರಗತಿಗೆ ಕರೆದೊಯ್ದು, ಬೋರ್ಡಿನ ಮೇಲೆ ಆ ಎರಡು ಸಾಲುಗಳನ್ನು ಒಂದರ ಕೆಳಗೊಂದು ಬರೆದಳು.

ದಾನೇಶ್ವರಿ ಜಾಣೆ. ಮೂರನೆಯ ಸಾಲು ಬರೆಯುವ ಮೊದಲೇ ತಿಳಿದುಕೊಂಡು ಬೆಂಚಿನ ಮೇಲೆ ಕೂತುಬಿಟ್ಟಳು. ಇನ್ನೂ ಹೊತ್ತು ಮೀರಿಲ್ಲ, ವಿಷಯ ಬದಲಿಸು, ನಾನು ಜೊತೆಗಿರುತ್ತೇನೆ ಎಂದಳು ರೇಣುಕಾದೇವಿ. ಇದು ಇನ್ನು ಯಾರಿಗೆ ಗೊತ್ತೆಂದು ದಾನೇಶ್ವರಿ ಕೇಳಿದಳು. ಗೊತ್ತಿದ್ದವರು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲವೆಂದು ತಿಳಿದ ಮೇಲೆ ಅವಳು ತಲೆಯೆತ್ತಿ ಹೇಳಿದಳು.

"ಮೇಡಂ, ನೀವಂತೂ ಪಿಎಚ್.ಡಿ. ಮುಗಿಸಿ ದಂಡಿ ಮುಟ್ಟೀರಿ. ನಂದೂ ಒಂದು ಮುಗೀಲಿ. ಅಲ್ಲೀತನ ಯಾರ ಮುಂದೂ ಹೇಳಬ್ಯಾಡ್ರಿ."

ರೇಣುಕಾದೇವಿ ಯಾವ ಬಾಯಿಂದ ಆಗದು ಎಂದಾಳು? ಹೂಂ ಎಂದಳು. ದಾನೇಶ್ವರಿ ಎದ್ದು ಬೋರ್ಡು ಒರೆಸಿದಳು. ಆಮೇಲೆ ಫೈಲು ತೆರೆದು, ತನ್ನ ಹೊಸ ಪ್ರಮೇಯದ ಸಾಧನೆಯಲ್ಲಿ ಒಂದು ಹೆಜ್ಜೆಯ ಬಗ್ಗೆ ಅನುಮಾನವಿದೆ, ನೋಡಿಕೊಡಿ ಎಂದಳು. ರೇಣುಕಾದೇವಿ ಬೆರಳಿಟ್ಟು ಸಾಲುಸಾಲಾಗಿ ಓದಿದಳು. ಎಲ್ಲಿಯೂ ತಪ್ಪಿರಲಿಲ್ಲ.