ಸೊಳ್ಳೆ ಓದಿಗೆ ಅರ್ಜಿ ಹಾಕಿದ ಮಳೆಗಾಲ

ಈಗತಾನೆ ನಮ್ಮ ಓಣಿಯಲ್ಲಿ ಹೊಗೆ ಬಿಡುವ ಗಾಡಿ ಹಾದುಹೋಯಿತು. ಹೊಸಪೇಟೆಯಲ್ಲಿ ನಾಲ್ಕು ಮಳೆ ಬಿದ್ದವೆಂದರೆ ಇದರ ಸವಾರಿ ಶುರು. ಹೊಗೆ ಬಿಡುವುದು ಸೊಳ್ಳೆಗಳಿಗಾಗಿ, ಕೆಮ್ಮುವವರು ಮಾತ್ರ ನಾವು. ಕಿಟಕಿ ಮುಚ್ಚುವಷ್ಟರಲ್ಲಿ ಡೀಸೆಲ್ ವಾಸನೆ ಒಳಗೆ ನುಗ್ಗಿ ನನ್ನ ಚಹಾಕ್ಕೂ ಹತ್ತಿಕೊಂಡಿತು. ಎದುರು ಮನೆಯ ಯಜಮಾನರು ಟವೆಲಿನಿಂದ ಮೂಗು ಮುಚ್ಚಿಕೊಂಡೇ ಕೂಗಿದರು: “ಏನ್ರೀ ಡಾಕ್ಟ್ರಮ್ಮ, ನಿಮ್ಮ ಡಿಪಾರ್ಟ್‌ಮೆಂಟಿನ ಹೊಗಿ ಭಾಳ ಮಸ್ತ್ ಐತಿ. ಸೊಳ್ಳಿ ಮಾತ್ರ ಹಂಗ ಅದಾವ!”

ನಾನು ನಕ್ಕೆ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹೊಗೆ ಹಾರಾಡುವ ಸೊಳ್ಳೆಗಳನ್ನು ಒಂದೆರಡು ದಿನ ಬೆದರಿಸಬಹುದು. ನಿಜವಾದ ಕೆಲಸ ಇರುವುದು ನಿಂತ ನೀರಿನಲ್ಲಿ. ಇದನ್ನು ನಾನು ಕಲಿತದ್ದು ಪುಸ್ತಕದಿಂದ ಎಂದು ಹೇಳಿಕೊಳ್ಳಲು ಆಸೆಯೇನೋ ಇದೆ. ಆದರೆ ಕಲಿತದ್ದು ಕಂಪ್ಲಿಯಲ್ಲಿ, ಅದೂ ಒಳ್ಳೆಯ ಅವಮಾನದ ಜೊತೆಗೆ. ಹೊಗೆ ಕರಗುವ ತನಕ ಕಿಟಕಿ ತೆಗೆಯುವ ಹಾಗಿಲ್ಲ. ಕುಂತು ಕೇಳುವುದಾದರೆ ಹೇಳುತ್ತೇನೆ.

ನಾನು ಓದಿದ್ದು ಹಲ್ಲಿನ ವೈದ್ಯಕೀಯ. ಐದು ವರ್ಷ ಪರವೂರಲ್ಲಿ ಓದಿ ಕಂಪ್ಲಿಯ ಮನೆಗೆ ಬಂದಾಗ ಅಪ್ಪ ನಮ್ಮ ಮನೆಯ ಮುಂದಿನ ಕೋಣೆಯಿಂದ ಗೋಣಿಚೀಲಗಳನ್ನೆಲ್ಲ ತೆಗೆಸಿ, ಸುಣ್ಣ ಹೊಡೆಸಿ, ನನಗಾಗಿ ಕ್ಲಿನಿಕ್ ಸಿದ್ಧ ಮಾಡಿಬಿಟ್ಟಿದ್ದ. ಅಪ್ಪನದು ಅಕ್ಕಿ ಗಿರಣಿ. ಯಂತ್ರ ತಂದ ಮೇಲೆ ಅದು ಓಡಲೇಬೇಕು ಎಂಬುದು ಅವನ ನಂಬಿಕೆ. ಮಗಳ ವಿಷಯದಲ್ಲೂ ಅಷ್ಟೇ. ಹಲ್ಲಿನ ರೋಗಿಗಳು ಮಲಗುವ ದೊಡ್ಡ ಕುರ್ಚಿಯೂ ಬಂದಿತ್ತು. ಮೊದಲ ತಿಂಗಳು ಅದರಲ್ಲಿ ಮಲಗಿದ್ದು ನಮ್ಮವ್ವ ಒಬ್ಬಳೇ, ಊಟವಾದ ಮೇಲೆ. “ಸೊಂಟಕ್ಕ ಭಾಳ ಆರಾಮ ಐತೆವಾ ಇದು” ಎಂದು ಸರ್ಟಿಫಿಕೇಟನ್ನೂ ಕೊಟ್ಟಳು.

ನನ್ನ ಮನಸ್ಸು ಬೇರೆ ಕಡೆ ಇತ್ತು. ಕೊನೆಯ ವರ್ಷ ಹಳ್ಳಿಯ ಶಿಬಿರಗಳಿಗೆ ಹೋದಾಗ ಒಂದು ವಿಚಿತ್ರ ಕಂಡಿದ್ದೆ. ಒಂದೂರಿನ ಮಕ್ಕಳ ಹಲ್ಲೆಲ್ಲ ಕಂದು ಕಲೆ, ಪಕ್ಕದೂರಿನ ಮಕ್ಕಳದು ಬೆಳ್ಳಗೆ. ಹಲ್ಲು ಉಜ್ಜುವ ರೀತಿ ಎರಡೂ ಊರಲ್ಲಿ ಒಂದೇ, ಬೇರೆಯಾಗಿದ್ದದ್ದು ಕುಡಿಯುವ ನೀರು. ಒಬ್ಬೊಬ್ಬರ ಬಾಯಿ ತೆರೆಸಿ ನೋಡುವುದಕ್ಕಿಂತ ಇಡೀ ಊರಿಗೆ ಏನಾಗಿದೆ ಎಂದು ನೋಡುವ ಓದು ಒಂದಿದೆ, ಅದಕ್ಕೆ ಎಪಿಡೆಮಿಯಾಲಜಿ ಎನ್ನುತ್ತಾರೆ ಎಂದು ಅಲ್ಲಿನ ಮೇಷ್ಟ್ರು ಹೇಳಿದ್ದರು. ರೋಗ ಎಲ್ಲಿ ಹುಟ್ಟಿತು, ಯಾರಿಗೆ ಬಂತು, ಯಾರಿಗೆ ಬರಲಿಲ್ಲ, ಯಾಕೆ ಬರಲಿಲ್ಲ ಎಂದು ಕೇಳುತ್ತಾ ಹೋಗುವ ಓದು. ಕೇಳುವುದೆಂದರೆ ನನಗೆ ಮೊದಲಿಂದಲೂ ಚಟ. ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಕೋರ್ಸಿಗೆ ಅರ್ಜಿ ಹಾಕಬೇಕೆಂದು ಆಗಲೇ ನಿರ್ಧರಿಸಿದ್ದೆ.

ಮನೆಯಲ್ಲಿ ಹೇಳಿದೆ. ಎಪಿಡೆಮಿಯಾಲಜಿ ಎಂಬ ಹೆಸರು ಕೇಳಿ ಅವ್ವ ಅದನ್ನು ಯಾವುದೋ ಹೊಸ ರೋಗ ಎಂದುಕೊಂಡಳು. ಅಪ್ಪ ಪೂರ್ತಿ ಕೇಳಿಸಿಕೊಂಡು, ತಾಳ್ಮೆಯಿಂದಲೇ ಕೇಳಿದ:

“ಅಂದ್ರ ನಿನ್ನ ಕಡಿ ಪೇಷಂಟ್ ಬರಂಗಿಲ್ಲ?”

“ಇಲ್ಲ ಅಪ್ಪ. ನಾನೇ ಊರಾಗ ಹೋಗಿ ನೋಡ್ತೀನಿ. ಜ್ವರ ಯಾರಿಗೈತಿ, ಸೊಳ್ಳಿ ಎಲ್ಲದಾವ ಅಂತ.”

“ಹಲ್ಲಿನ ಡಾಕ್ಟ್ರು ಆಗಿ ಸೊಳ್ಳಿ ಎಣಿಸಾಕ ಹೋಗ್ತಿಯೇನವಾ?”

ಅವನು ಸಿಟ್ಟಾಗಿದ್ದರೆ ವಾದ ಮಾಡಬಹುದಿತ್ತು. ಅವನಿಗೆ ಆದದ್ದು ಆಶ್ಚರ್ಯ. ಆಶ್ಚರ್ಯಪಡುವವರ ಜೊತೆ ವಾದ ಮಾಡುವುದು ಹೇಗೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಅರ್ಜಿಯಲ್ಲಿ ಒಂದು ಪುಟ ಬಿಟ್ಟಿದ್ದರು. ಈ ಓದು ನಿಮಗೆ ಯಾಕೆ ಬೇಕು, ಬರೆಯಿರಿ ಎಂದು. ನಾನು ಬರೆದದ್ದನ್ನು ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ. ಮನುಕುಲ, ಸೇವೆ, ದೇಶ, ಭವಿಷ್ಯ ಎಲ್ಲವೂ ಅದರಲ್ಲಿದ್ದವು. ಜನರ ನಡುವೆ ಕೆಲಸ ಮಾಡಿದ ಅನುಭವವೇನು ಎಂದು ಇನ್ನೊಂದು ಕಡೆ ಕೇಳಿದ್ದರು. ಅಲ್ಲಿ ಬರೆಯಲು ಏನೂ ಇರಲಿಲ್ಲ. ಹಾಗಾಗಿ ನಮ್ಮ ಓಣಿಯ ಆಶಾ ಕಾರ್ಯಕರ್ತೆ ಗಂಗಕ್ಕನ ಬೆನ್ನು ಹತ್ತಿದೆ.

ಗಂಗಕ್ಕನಿಗೆ ಆಗ ಐವತ್ತರ ಹತ್ತಿರ. ಹೆಗಲಿಗೊಂದು ಚೀಲ, ಕೈಯಲ್ಲೊಂದು ಬ್ಯಾಟರಿ, ಬಾಯಲ್ಲಿ ಇಡೀ ಓಣಿಯ ಬಸುರಿ ಬಾಣಂತಿಯರ ಲೆಕ್ಕ. ಆ ಮಳೆಗಾಲದಲ್ಲಿ ಊರಲ್ಲಿ ಡೆಂಗಿ ಜ್ವರ ಎದ್ದಿತ್ತು. ಅವಳು ಮನೆಮನೆಗೆ ಹೋಗಿ ಡ್ರಮ್ಮು, ಕೊಡ, ತೊಟ್ಟಿಗಳಲ್ಲಿ ಬ್ಯಾಟರಿ ಬಿಟ್ಟು ಸೊಳ್ಳೆಯ ಮರಿಹುಳ ಇದೆಯೇ ಎಂದು ನೋಡಬೇಕಿತ್ತು. ನಾನೂ ಹಿಂದೆ ಹೊರಟೆ, ಹೊಸ ನೋಟ್‌ಬುಕ್ಕಿನ ಸಮೇತ.

ಜನರ ಮನೆಯೊಳಗೆ ಹೋಗಿ ನೀರಿಗೆ ಹೆಸರಿಡುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಒಬ್ಬಾಕೆ ಡ್ರಮ್ಮಿನ ಮುಚ್ಚಳದ ಮೇಲೆ ಕೂತೇಬಿಟ್ಟಳು: “ನಮ್ಮನ್ಯಾಗ ಹುಳ ಇಲ್ರೀ, ನಾವು ದಿನಾ ಪೂಜಿ ಮಾಡೋ ಮಂದಿ.” ಗಂಗಕ್ಕ ಅಲ್ಲೇ ನೆಲದ ಮೇಲೆ ಕೂತು, ಆಕೆಯ ಸೊಸೆಯ ವಾಂತಿ, ಮೊಮ್ಮಗನ ಚುಚ್ಚುಮದ್ದು ಎಲ್ಲವನ್ನೂ ವಿಚಾರಿಸಿ, ಕೊನೆಗೆ ಏಳುವಾಗ “ಒಂಚೂರು ಸರೀರಿ ಯಕ್ಕಾ” ಅಂದಳು. ಆಕೆ ಸರಿದಳು. ನನಗೆ ಕಾಲೇಜಿನಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ.

ಒಂದು ವಾರ ತಿರುಗಿದ ಮೇಲೆ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ನಮ್ಮ ಓಣಿಯ ನಕ್ಷೆ ಬರೆದೆ. ಜ್ವರ ಬಂದ ಮನೆಗೊಂದು ಕೆಂಪು ಚುಕ್ಕೆ. ಚುಕ್ಕೆಗಳು ಒಂದು ಕಡೆ ಗುಂಪಾಗಿ ಕೂತವು. ಆ ಜಾಗದ ಪಕ್ಕವೇ ದೊಡ್ಡ ಮೋರಿ. ನನಗೆ ರೋಮಾಂಚನವಾಯಿತು. ಗಂಗಕ್ಕನನ್ನು ಕರೆದು, ಬೆರಳಿಟ್ಟು ತೋರಿಸಿ, ಭಾಷಣವನ್ನೇ ಮಾಡಿದೆ: ಈ ಮೋರಿಯೇ ಮೂಲ, ಇದನ್ನು ಮುಚ್ಚಿಸಿದರೆ ಜ್ವರ ನಿಂತಿತು, ಪುರಸಭೆಗೆ ನಾನೇ ಪತ್ರ ಬರೆಯುತ್ತೇನೆ.

ಗಂಗಕ್ಕ ಎಲೆ ಅಡಿಕೆ ಮಡಚುತ್ತಾ ಕೇಳಿದಳು. ಆಮೇಲೆ ಮೆಲ್ಲಗೆ ಅಂದಳು: “ಡಾಕ್ಟ್ರಮ್ಮ, ಈ ಸೊಳ್ಳಿ ಮೋರ್ಯಾಗ ಇರಂಗಿಲ್ರಿ. ಇದಕ್ಕ ಸ್ವಚ್ಛ ನೀರಾ ಬೇಕು. ನಿಂತ ಮಳಿ ನೀರು ಅಂದ್ರ ಭಾಳ ಪ್ರೀತಿ.”

ಇದು ನನ್ನ ಪಠ್ಯಪುಸ್ತಕದಲ್ಲೇ ಇತ್ತು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ.

“ಹಂಗಾರ ಇಲ್ಲೇ ಯಾಕ ಇಷ್ಟು ಜ್ವರ ಗಂಗಕ್ಕ?” ಅಂದೆ.

ಅವಳು ಮೋರಿಯ ಇನ್ನೊಂದು ಬದಿಗೆ ನಾನು ಖಾಲಿ ಬಿಟ್ಟಿದ್ದ ದೊಡ್ಡ ಚೌಕದ ಮೇಲೆ ಬೆರಳಿಟ್ಟಳು. ಅಲ್ಲಿ ಮನೆಗಳಿಲ್ಲವೆಂದು ನಾನು ಏನನ್ನೂ ಬರೆದಿರಲಿಲ್ಲ. “ಇದರೊಳಗ ನನ್ನ ಬಿಡಂಗಿಲ್ರಿ. ಎರಡು ವರ್ಷ ಆತು, ಗೇಟಿನಾಗ ನಿಂತು ಹೊಳ್ಳಿ ಬರ್ತೀನಿ.”

ಅದು ನಮ್ಮ ಗಿರಣಿ.

ಮರುದಿನ ಬೆಳಿಗ್ಗೆ ಇಬ್ಬರೂ ಹೋದೆವು. ಕಾವಲುಗಾರ ಅಡ್ಡ ನಿಂತ: “ಸಾವ್ಕಾರ್ರು ಬ್ಯಾಡ ಅಂದಾರ್ರೀ. ಸರ್ಕಾರದ ಮಂದಿ ಬಂದ್ರ ಸುಮ್ನ ಕಿರಿಕಿರಿ ಅಂತ.” ಊರಿನ ಆರೋಗ್ಯ ಕಾಯುವ ಗಂಗಕ್ಕನಿಗೆ ಎರಡು ವರ್ಷ ತೆರೆಯದ ಗೇಟು ಸಾವ್ಕಾರರ ಮಗಳಿಗೆ ಅರ್ಧ ನಿಮಿಷದಲ್ಲಿ ತೆರೆಯಿತು. ಅದರ ನಾಚಿಕೆ ಬೇರೆ.

ಗಿರಣಿಯ ಹಿಂದೆ ಸಿಮೆಂಟಿನ ಮೂರು ತೊಟ್ಟಿಗಳಿದ್ದವು. ಮೊದಲು ಅವುಗಳಲ್ಲಿ ಕುಚ್ಚಲಕ್ಕಿಗೆ ಭತ್ತ ನೆನೆಹಾಕುತ್ತಿದ್ದರು. ಹೊಸ ಯಂತ್ರ ಬಂದ ಮೇಲೆ ಅವನ್ನು ಯಾರೂ ಕೇಳುವವರಿರಲಿಲ್ಲ. ಮಳೆ ನೀರು ಅಂಚಿನ ತನಕ ತುಂಬಿ ತಿಳಿಯಾಗಿ ನಿಂತಿತ್ತು, ಆಕಾಶ ಕಾಣುವಷ್ಟು. ಗಂಗಕ್ಕ ಒಂದು ಬಿಳಿ ಬಟ್ಟಲನ್ನು ಅದ್ದಿ ಎತ್ತಿದಳು. ನೀರಲ್ಲಿ ಸಾಸಿವೆಗಿಂತ ತುಸು ಉದ್ದನೆಯ ಹುಳಗಳು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಕುಣಿಯುತ್ತಿದ್ದವು. ಇಡೀ ವಾರ ತಿರುಗಿದರೂ ಇಷ್ಟು ನಾನು ಕಂಡಿರಲಿಲ್ಲ.

“ಬೈಯ್ರಿ ಗಂಗಕ್ಕ” ಅಂದೆ.

“ಬೈದು ಏನ್ ಮಾಡ್ಲೆವಾ? ನೀರು ಚೆಲ್ಲಿಸ್ರಿ, ಸಾಕು.” ಎಂದವಳು ಒಂದು ಮಾತು ಸೇರಿಸಿದಳು: “ನಿಮ್ಮ ಕಣ ಗುಡಿಸೋ ನೀಲಮ್ಮ ಹೊಸಪೇಟಿ ದವಾಖಾನ್ಯಾಗ ಅದಾಳ. ಗೊತ್ತೈತೋ ಇಲ್ಲೋ.”

ಗೊತ್ತಿರಲಿಲ್ಲ. ನೀಲಮ್ಮ ನಾನು ಹುಟ್ಟುವ ಮೊದಲಿಂದಲೂ ನಮ್ಮಲ್ಲಿ ಭತ್ತ ಒಣಗಿಸುವ ಕಣ ಗುಡಿಸುತ್ತಿದ್ದವಳು. ಬಟ್ಟಲನ್ನು ಹಿಡಿದುಕೊಂಡು ನೇರ ಅಪ್ಪನ ಮುಂದೆ ಹೋಗಿ ಮೇಜಿನ ಮೇಲಿಟ್ಟೆ.

“ಏನವಾ ಇದು, ಜೀರಿಗಿ ನೀರಾ?”

“ಡೆಂಗಿ ಸೊಳ್ಳಿ ಮರಿ ಅಪ್ಪ. ನಮ್ಮ ಹಿಂದಿನ ತೊಟ್ಯಾಗ ಸಿಕ್ಕಾವ.”

ಅಪ್ಪ ಕುರ್ಚಿಯನ್ನು ಹಿಂದೆ ಸರಿಸಿದ. “ಊರಾಗ ಮತ್ತೆಲ್ಲೂ ಸಿಗಲಿಲ್ಲೇನು ನಿನಗ?”

“ಸಿಕ್ಕಾವ. ಇಷ್ಟು ಎಲ್ಲೂ ಸಿಕ್ಕಿಲ್ಲ. ನೋಡಾಕ ಬಂದಾಕಿನ್ನ ನೀನಾ ಎರಡು ವರ್ಷ ಒಳಗ ಬಿಟ್ಟಿಲ್ಲ. ನೀಲಮ್ಮ ದವಾಖಾನಿ ಸೇರ್ಯಾಳ.”

“ಮಗಳ ಊರಿಗೆ ಹೋಗ್ಯಾಳ ಅಂದ್ಕಂಡಿದ್ದೆ” ಎಂದ ಅಪ್ಪ. ಆಮೇಲೆ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದ. ಲೆಕ್ಕದಲ್ಲಿ ತಪ್ಪು ಸಿಕ್ಕರೂ ಅವನ ಮುಖ ಹಾಗೆ ಆಗುತ್ತಿರಲಿಲ್ಲ. ಎದ್ದು ನಿಂತು ಆಳುಗಳನ್ನು ಕರೆದು ತೊಟ್ಟಿಗಳ ತಳ ಒಡೆಯಲು ಹೇಳಿ, ನನಗೆ “ನಡಿ, ಹೊಸಪೇಟಿಗೆ ಹೋಗಿ ಬರೂಣು” ಅಂದ.

ನೀಲಮ್ಮ ವಾರ್ಡಿನ ಕೊನೆಯ ಮಂಚದಲ್ಲಿದ್ದಳು. ಕೈಗೆ ಸಲೈನ್, ತುಟಿ ಒಡೆದಿತ್ತು. ಅಪ್ಪನನ್ನು ಕಂಡದ್ದೇ ಸೆರಗು ಸರಿಮಾಡಿಕೊಂಡು ಏಳಲು ನೋಡಿದಳು. “ನೀವ್ಯಾಕ ಬರಾಕ ಹೋದ್ರಿ ಸಾವ್ಕಾರ್ರ? ಜ್ವರ ಬಿಟ್ಟ ಕೂಡ್ಲೆ ಕೆಲಸಕ್ಕ ನಾನಾ ಬರ್ತಿದ್ನೆಲ್ರಿ.”

ಕೆಲಸಕ್ಕೆ ಯಾಕೆ ಬಂದಿಲ್ಲ ಎಂದು ಕೇಳಲು ಸಾವ್ಕಾರ ಇಷ್ಟು ದೂರ ಬಂದಿದ್ದಾನೆಂದು ಅವಳು ತಿಳಿದಿದ್ದಳು. ಅಪ್ಪ ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತ.

“ಕೆಲಸ ಇರ್ಲಿ ನೀಲಮ್ಮ. ಸೊಳ್ಳಿ ನಮ್ಮ ಗಿರಣ್ಯಾಗ ಹುಟ್ಯಾವ. ತಪ್ಪು ನಂದೈತಿ, ಅದನ್ನ ಹೇಳಾಕ ಬಂದೀನಿ.”

“ಸೊಳ್ಳಿ ಕಡದ್ರ ನೀವೇನ್ ಮಾಡ್ತೀರಿ” ಎಂದು ಅವಳೇ ಸಮಾಧಾನ ಹೇಳಿದಳು. ಅದನ್ನು ಕೇಳಿ ಅಪ್ಪ ಇನ್ನಷ್ಟು ಕುಗ್ಗಿದ.

ವಾಪಸು ಬರುವಾಗ ಕಮಲಾಪುರ ದಾಟಿದೆವು, ಹಂಪಿಯ ಬಂಡೆಗಳೂ ಹಿಂದಾದವು. ಬುಕ್ಕಸಾಗರದ ಬಾಳೆ ತೋಟಗಳ ನಡುವೆ ಬಂದಾಗ ಕಾರು ಓಡಿಸುತ್ತಿದ್ದ ಅಪ್ಪ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ: “ನೀ ಅಂದಿದ್ದ ಆ ಓದು ಓದಿದ್ರ, ಇಂಥದನ್ನ ಮದ್ಲಾ ಹೇಳಾಕ ಬರತೈತೇನು?”

ಬರುತ್ತದೆ ಎಂದು ಘಂಟಾಘೋಷವಾಗಿ ಹೇಳುವ ಅವಕಾಶ ಅದು. ಆದರೆ ಮೋರಿಯ ಭಾಷಣ ಮಾಡಿ ಇನ್ನೂ ಪೂರ್ತಿ ಎರಡು ದಿನ ಆಗಿರಲಿಲ್ಲ. “ಒಮ್ಮೊಮ್ಮೆ ಬರತೈತಿ ಅಪ್ಪ. ನಾನಂತೂ ಮದ್ಲು ತಪ್ಪೇ ಹೇಳಿದ್ದೆ.”

ಅಪ್ಪ ತಲೆಯಾಡಿಸಿದ. “ಹಂಗಾರ ಹೋಗಿ ಸರಿಯಾಗಿ ಕಲಿ.”

ಅವತ್ತು ಸಂಜೆ ಹಳೆಯ ಪುಟ ಹರಿದುಹಾಕಿ ಹೊಸದನ್ನು ಬರೆದೆ. ನಕ್ಷೆ, ನನ್ನ ತಪ್ಪು, ಗಂಗಕ್ಕನ ಬೆರಳು, ಗಿರಣಿಯ ತೊಟ್ಟಿ ಎಲ್ಲವನ್ನೂ ನಡೆದ ಹಾಗೆ. ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳಿದೆ. ‘ಒಂದು ಅಕ್ಕಿ ಗಿರಣಿ’ ಎಂಬಲ್ಲಿ ತಡೆದ.

“ಯಾರದು ಗಿರಣಿ?”

“ಹೆಸರು ಯಾಕ ಬೇಕು ಅಂತ ಬಿಟ್ಟೆ.”

“ನಮ್ಮಪ್ಪಂದು ಅಂತ ಬರಿ. ಮುಚ್ಚಿಟ್ಟು ಓದಾಕ ಹೋಗಬ್ಯಾಡ.”

ಬರೆದೆ. ಸೀಟು ಸಿಕ್ಕಿತು. ಸಂದರ್ಶನದಲ್ಲಿ ಒಬ್ಬರು ನಮ್ಮಪ್ಪ ಹೇಗಿದ್ದಾರೆ ಎಂದು ಕೇಳಿದ್ದು ಬಿಟ್ಟರೆ ಬೇರೆ ಕಷ್ಟದ ಪ್ರಶ್ನೆ ಇರಲಿಲ್ಲ. ಕಷ್ಟವೆಲ್ಲ ಆಮೇಲೆ, ಸಂಖ್ಯಾಶಾಸ್ತ್ರದ ರೂಪದಲ್ಲಿ ಬಂತು. ಅದರ ಕಥೆ ಹೇಳಿದರೆ ನೀವು ಹೊಗೆಯಲ್ಲೇ ಎದ್ದು ಹೋಗುತ್ತೀರಿ. ನೀಲಮ್ಮ ಹುಷಾರಾಗಿ ಬಂದು, ಒಡೆದ ತೊಟ್ಟಿಗಳಲ್ಲಿ ಮಣ್ಣು ತುಂಬಿಸಿ ಕನಕಾಂಬರ ಹಾಕಿದಳು.

ಹೋದ ವಾರ ಸಂಡೂರಿನ ಕಡೆ ಜ್ವರದ ಸುದ್ದಿ ಬಂದು ನಮ್ಮ ಇಲಾಖೆಯಿಂದ ಹೋಗಿದ್ದೆವು. ಲಾರಿ ನಿಲ್ಲಿಸುವ ಒಂದು ದೊಡ್ಡ ಅಂಗಳದ ಮಾಲೀಕರು ನಮ್ಮನ್ನು ಹೊರಗೇ ನಿಲ್ಲಿಸಿದರು. ಜೊತೆಗಿದ್ದ ಕಿರಿಯ ಡಾಕ್ಟರಿಗೆ ಸಿಟ್ಟು ನೆತ್ತಿಗೇರಿತ್ತು, ನೋಟಿಸ್ ಕೊಡೋಣ ಎಂದ. ಮೊದಲಾಗಿದ್ದರೆ ನಾನೂ ಹಾಗೇ ಮಾಡುತ್ತಿದ್ದೆನೇನೋ. ಈ ಸಲ ಅಲ್ಲೇ ಕಲ್ಲಿನ ಮೇಲೆ ಕೂತು, ಕುಡಿಯಲು ನೀರು ಕೇಳಿ, ನಿಮಗೆ ಈಗ ಹೇಳಿದ್ದನ್ನೇ ಅವರಿಗೂ ಹೇಳಿದೆ. ಅವರು ಪೂರ್ತಿ ಕೇಳಿದರು. ಮುಗಿದ ಮೇಲೆ ಕೆಂಪು ಧೂಳು ಹಿಡಿದ ಚಪ್ಪಲಿ ಮೆಟ್ಟಿಕೊಂಡು ತಾವೇ ಮುಂದೆ ನಡೆದರು.

“ಬರ್ರಿ. ನೀರು ನಿಂತ ಹಳೆ ಟಯರ್ ಹಿಂದಿನ ಶೆಡ್ಡಿನ ಕಡಿ ಅದಾವ” ಅಂದರು. “ಎಷ್ಟದಾವ ಅಂತ ನನಗೂ ಗೊತ್ತಿಲ್ಲ. ಕೂಡಿ ನೋಡೂಣು.”